ಸೂತ್ರಕ್ಕೆ ಕಾಣದ ಉಬ್ಬು

1759ರಲ್ಲಿ ಫ್ರಾನ್ಸಿನ ನಿಸರ್ಗ ವಿಜ್ಞಾನಿ ಮೊಂಬೆಯಾರ್ ಅವರ ಮನೆಯಲ್ಲಿ ಗಂಡು ಮಗು ಹುಟ್ಟಿತು. ತಂದೆ ಆ ಮಗುವಿನ ಉದ್ದ ಅಳೆದು ಬರೆದಿಟ್ಟರು. ಅಲ್ಲಿಗೆ ನಿಲ್ಲಿಸದೆ, ಹೆಚ್ಚೂಕಡಿಮೆ ಆರು ತಿಂಗಳಿಗೊಮ್ಮೆ ಮಗನನ್ನು ನಿಲ್ಲಿಸಿಕೊಂಡು ಅಳೆಯುತ್ತ 1777ರವರೆಗೆ, ಅಂದರೆ ಮಗನಿಗೆ ಹದಿನೆಂಟು ತುಂಬುವವರೆಗೆ, ಲೆಕ್ಕ ಇಟ್ಟರು. ಅವರ ಸ್ನೇಹಿತ ಬುಫೋನ್ ಆ ಪಟ್ಟಿಯನ್ನು ತನ್ನ ನಿಸರ್ಗ ಚರಿತ್ರೆಯ ಪುರವಣಿಯಲ್ಲಿ ಅಚ್ಚು ಮಾಡಿಸಿದ. ಒಂದೇ ಮಗುವನ್ನು ಹುಟ್ಟಿನಿಂದ ಯೌವನದವರೆಗೆ ಹಿಂಬಾಲಿಸಿದ, ನಮಗೆ ಗೊತ್ತಿರುವ ಅತ್ಯಂತ ಹಳೆಯ ದಾಖಲೆ ಅದು. ಬೆಳವಣಿಗೆಯ ಬಗ್ಗೆ ಬರೆದ ಪಠ್ಯಪುಸ್ತಕಗಳಲ್ಲಿ ಇವತ್ತಿಗೂ ಆ ಹುಡುಗನ ಗೆರೆ ಕಾಣಸಿಗುತ್ತದೆ. ಶಾಲೆಯೊಂದಕ್ಕೆ ಹೋಗಿ ಒಂದೇ ದಿನ ಐದರಿಂದ ಹದಿನೈದು ವರ್ಷದ ನೂರು ಮಕ್ಕಳ ಎತ್ತರ ಅಳೆದುಕೊಂಡು ಬಂದರೆ ಯಾವ ವಯಸ್ಸಿಗೆ ಎಷ್ಟು ಎತ್ತರ ಎಂಬುದು ತಿಳಿಯುತ್ತದೆ. ಆದರೆ ಯಾವ ಮಗು ಯಾವಾಗ ನಿಧಾನವಾಯಿತು, ಯಾವಾಗ ಒಮ್ಮೆಲೇ ಜಿಗಿಯಿತು ಎಂಬುದು ತಿಳಿಯುವುದಿಲ್ಲ. ಅದಕ್ಕೆ ಅದೇ ಮಗುವನ್ನು ಮತ್ತೆ ಮತ್ತೆ ಅಳೆಯಬೇಕು. ಹೀಗೆ ಅದೇ ವ್ಯಕ್ತಿಗಳಿಂದ ವರ್ಷಗಟ್ಟಲೆ ಕಲೆಹಾಕಿದ ಅಂಕಿಅಂಶಕ್ಕೆ ಸಂಖ್ಯಾಶಾಸ್ತ್ರದವರು ಲಾಂಗಿಟ್ಯೂಡಿನಲ್ ದತ್ತಾಂಶ ಎನ್ನುತ್ತಾರೆ. ಕನ್ನಡದಲ್ಲಿ ಬೆನ್ನತ್ತಿದ ಲೆಕ್ಕ ಎಂದರೆ ತಪ್ಪಾಗದು. ಈ ಲೆಕ್ಕವನ್ನು ಓದುವ ಬಗೆಯಲ್ಲಿ ಕಳೆದ ಅರ್ಧ ಶತಮಾನದಲ್ಲಿ ಒಂದು ದೊಡ್ಡ ಬದಲಾವಣೆ ಆಗಿದೆ. ದೇಹ ಹೇಗೆ ಬದಲಾಗಬೇಕು ಎಂದು ಸೂತ್ರವೊಂದು ಮೊದಲೇ ಅಪ್ಪಣೆ ಕೊಡುವುದನ್ನು ಬಿಟ್ಟು, ಹೇಗೆ ಬದಲಾಯಿತು ಎಂಬುದನ್ನು ಅಳತೆಗಳ ಬಾಯಿಂದಲೇ ಕೇಳುವ ವಿಧಾನಗಳು ಬಂದವು. ನಾನ್‌ಪ್ಯಾರಮೆಟ್ರಿಕ್ ಎಂಬ ಒರಟು ಹೆಸರಿನ ಈ ವಿಧಾನಗಳು ತಜ್ಞರ ಕಸುಬಿನ ಸಂಗತಿ ಮಾತ್ರವಲ್ಲ, ಪ್ರತಿ ತಾಯಿಯ ಕೈಯಲ್ಲಿರುವ ಕಾರ್ಡಿನವರೆಗೂ ಬಂದಿವೆ ಎಂಬುದೇ ಈ ಲೇಖನ ಬರೆಯಲು ಕಾರಣ.

ಮೊದಲು ಕಷ್ಟ ಎಲ್ಲಿದೆ ನೋಡೋಣ. ಮಕ್ಕಳ ಎತ್ತರವನ್ನು ಎಷ್ಟೇ ಜಾಗ್ರತೆಯಿಂದ ಅಳೆದರೂ ನಾಲ್ಕೈದು ಮಿಲಿಮೀಟರು ಆಚೀಚೆ ಆಗುತ್ತದೆ. ಹಿಮ್ಮಡಿ ತುಸು ಎದ್ದಿರುತ್ತದೆ, ತಲೆ ಬಾಗಿರುತ್ತದೆ, ಬೆಳಗ್ಗೆ ಇದ್ದ ಎತ್ತರ ಸಂಜೆಗೆ ಸ್ವಲ್ಪ ಕುಗ್ಗಿರುತ್ತದೆ. ನೂರಿಪ್ಪತ್ತು ಸೆಂಟಿಮೀಟರಿನ ಮಗುವಿಗೆ ಅರ್ಧ ಸೆಂಟಿಮೀಟರು ಏನು ಮಹಾ ಎನ್ನಬಹುದು. ಆದರೆ ವೈದ್ಯರಿಗೆ ಬೇಕಾದದ್ದು ಎತ್ತರವಲ್ಲ, ವೇಗ: ಮಗು ವರ್ಷಕ್ಕೆ ಎಷ್ಟು ಬೆಳೆಯುತ್ತಿದೆ ಎಂಬುದು. ವೇಗ ಬೇಕಾದರೆ ಎರಡು ಅಳತೆಗಳನ್ನು ಕಳೆಯಬೇಕು. ಕಳೆದಾಗ ಎರಡರ ತಪ್ಪೂ ಸೇರಿಕೊಳ್ಳುತ್ತದೆ. ಪ್ರತಿ ಅಳತೆಯಲ್ಲಿ ಸಾಮಾನ್ಯವಾಗಿ 0.4 ಸೆಂಟಿಮೀಟರಿನಷ್ಟು ತಪ್ಪು ಇರುತ್ತದೆ ಎಂದಿಟ್ಟುಕೊಳ್ಳಿ. ವ್ಯತ್ಯಾಸದಲ್ಲಿ ಅದು ಸುಮಾರು 0.57 ಆಗುತ್ತದೆ. ಆರು ತಿಂಗಳ ಅಂತರವನ್ನು ವರ್ಷದ ಲೆಕ್ಕಕ್ಕೆ ತಂದಾಗ ಅದು ಇಮ್ಮಡಿಸಿ 1.1 ಸೆಂಟಿಮೀಟರು ದಾಟುತ್ತದೆ. ಆ ವಯಸ್ಸಿನ ಮಗು ವರ್ಷಕ್ಕೆ ಬೆಳೆಯುವುದೇ ಐದಾರು ಸೆಂಟಿಮೀಟರು. ಐದು ರೂಪಾಯಿಯ ವ್ಯಾಪಾರದಲ್ಲಿ ಒಂದು ರೂಪಾಯಿಯ ತಪ್ಪು ಎಂದ ಹಾಗಾಯಿತು. ಬರಿಗಣ್ಣಿನಿಂದ ಚುಕ್ಕೆಗೆ ಚುಕ್ಕೆ ಸೇರಿಸಿ ಗೆರೆ ಎಳೆದರೆ ವೇಗದ ಗ್ರಾಫು ಗರಗಸದ ಹಲ್ಲಿನಂತೆ ಕಾಣುತ್ತದೆ. ಇದರ ಮೇಲೆ ಇನ್ನೊಂದು ತೊಡಕು: ಒಂದೇ ಮಗುವಿನ ಹತ್ತು ಅಳತೆಗಳು ಹತ್ತು ಬೇರೆ ಬೇರೆ ಸಾಕ್ಷಿಗಳಲ್ಲ. ಐದನೆಯ ವಯಸ್ಸಿಗೆ ಎತ್ತರವಿದ್ದವನು ಆರನೆಯ ವಯಸ್ಸಿಗೂ ಎತ್ತರವೇ ಇರುತ್ತಾನೆ. ಒಬ್ಬನೇ ಸಾಕ್ಷಿ ಹತ್ತು ಸಲ ಹೇಳಿದ ಮಾತನ್ನು ಹತ್ತು ಜನರ ಮಾತೆಂದು ಎಣಿಸಿದರೆ ತೀರ್ಪು ಕೆಡುತ್ತದೆ.

ಈ ಗರಗಸವನ್ನು ನುಣುಪು ಮಾಡಲು ಹಳೆಯ ದಾರಿ ಸೂತ್ರದ್ದು. ಬೆಳವಣಿಗೆ ಇಂಥದೊಂದು ಸಮೀಕರಣವನ್ನು ಅನುಸರಿಸುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಆ ಸಮೀಕರಣದಲ್ಲಿರುವ ನಾಲ್ಕೈದು ಸಂಖ್ಯೆಗಳನ್ನು ಪ್ರತಿ ಮಗುವಿಗೂ ಹೊಂದಿಸುವುದು. ಆ ಸಂಖ್ಯೆಗಳಿಗೆ ಪ್ಯಾರಮೀಟರ್ ಎನ್ನುತ್ತಾರೆ. ಹಾಗಾಗಿ ಇದು ಪ್ಯಾರಮೆಟ್ರಿಕ್ ವಿಧಾನ. 1978ರಲ್ಲಿ ಪ್ರೀಸ್ ಮತ್ತು ಬೇನ್ಸ್ ಎಂಬ ಇಬ್ಬರು ಸಂಶೋಧಕರು ಕೊಟ್ಟ ಐದು ಪ್ಯಾರಮೀಟರಿನ ಸೂತ್ರ ತುಂಬ ಹೆಸರು ಮಾಡಿತು. ಮಗುವಿನ ವೇಗ ವರ್ಷ ವರ್ಷವೂ ಇಳಿಯುತ್ತ ಹೋಗಿ, ಹದಿಹರೆಯದಲ್ಲಿ ಏರಿ, ಶಿಖರ ಮುಟ್ಟಿ, ಮತ್ತೆ ಇಳಿದು ನಿಲ್ಲುತ್ತದೆ ಎಂಬುದನ್ನು ಅದು ಚೆನ್ನಾಗಿ ಹಿಡಿಯುತ್ತಿತ್ತು. ಐದೇ ಸಂಖ್ಯೆಯಲ್ಲಿ ಒಂದು ಬಾಲ್ಯ! ಆದರೆ ಆ ಸೂತ್ರದಲ್ಲಿ ಏರುವುದಕ್ಕೆ ಜಾಗ ಇದ್ದದ್ದು ಒಂದೇ ಕಡೆ, ಹದಿಹರೆಯದಲ್ಲಿ. ಹಳೆಯ ಸಂಶೋಧಕರಲ್ಲಿ ಕೆಲವರು ಆರೇಳು ವರ್ಷದ ಆಸುಪಾಸಿನಲ್ಲಿ ಮಕ್ಕಳ ಬೆಳವಣಿಗೆಯ ವೇಗದಲ್ಲಿ ಒಂದು ಸಣ್ಣ ಉಬ್ಬು ಇದೆ ಎಂದು ಬರೆದಿದ್ದರು. ಸೂತ್ರ ಬಂದ ಮೇಲೆ ಆ ಉಬ್ಬು ಕಾಣೆಯಾಯಿತು. ಇದೆಯೋ ಇಲ್ಲವೋ ಎಂದು ನೋಡಿ ಇಲ್ಲ ಎಂದು ತೀರ್ಮಾನಿಸಿದ್ದರಿಂದಲ್ಲ. ಇದ್ದರೂ ತೋರಿಸಲು ಆ ಸೂತ್ರಕ್ಕೆ ಬಾಯಿಯೇ ಇರಲಿಲ್ಲ.

ಅದನ್ನು ಮತ್ತೆ ಕಾಣಿಸಿದ್ದು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದ ಮಕ್ಕಳ ಅಳತೆಗಳು. ಅಲ್ಲಿನ ಮಕ್ಕಳ ಆಸ್ಪತ್ರೆಯಲ್ಲಿ ಆಂಡ್ರಿಯಾ ಪ್ರಾಡರ್ ಅವರ ನೇತೃತ್ವದಲ್ಲಿ 1954ರಿಂದ ಮಕ್ಕಳನ್ನು ಹುಟ್ಟಿದಂದಿನಿಂದ ಹಿಂಬಾಲಿಸುವ ಕೆಲಸ ಶುರುವಾಗಿತ್ತು. ಬಾಲ್ಯದಲ್ಲಿ ವರ್ಷಕ್ಕೊಮ್ಮೆ, ಹದಿಹರೆಯ ಹತ್ತಿರವಾದಂತೆ ಆರು ತಿಂಗಳಿಗೊಮ್ಮೆ ಅಳೆದು, ಇಪ್ಪತ್ತರ ಹತ್ತಿರದವರೆಗೆ ಕರೆದೊಯ್ದರು. 1984ರಲ್ಲಿ ಥಿಯೋ ಗಾಸರ್, ಹಾನ್ಸ್ ಗಿಯಾರ್ಗ್ ಮ್ಯೂಲರ್ ಮತ್ತು ಜೊತೆಗಾರರು ಈ ಅಳತೆಗಳನ್ನು ಯಾವ ಸೂತ್ರಕ್ಕೂ ಕಟ್ಟದೆ, ಕರ್ನಲ್ ಎಂಬ ವಿಧಾನದಿಂದ ನುಣುಪು ಮಾಡಿ, ಎತ್ತರದಿಂದ ವೇಗವನ್ನೂ ವೇಗದಿಂದ ವೇಗೋತ್ಕರ್ಷವನ್ನೂ ತೆಗೆದರು. ಆರೇಳು ವರ್ಷದ ಬಳಿ ಆ ಉಬ್ಬು ಮತ್ತೆ ಎದ್ದು ನಿಂತಿತು. ಹದಿಹರೆಯದ ಏರಿಕೆ ಹುಡುಗಿಯರಲ್ಲಿ ಹುಡುಗರಿಗಿಂತ ಸುಮಾರು ಎರಡು ವರ್ಷ ಮುಂಚೆ ಬರುತ್ತದೆ. ಆದರೆ ಈ ನಡು ಬಾಲ್ಯದ ಉಬ್ಬು ಇಬ್ಬರಲ್ಲೂ ಬಹುತೇಕ ಒಂದೇ ಕಾಲಕ್ಕೆ ಬರುತ್ತಿತ್ತು. ಹೀಗಾಗಿ ಇದರ ಹಿಂದೆ ಹದಿಹರೆಯದ ಹಾರ್ಮೋನುಗಳಲ್ಲದೆ ಬೇರೇನೋ ಇರಬೇಕು ಎಂಬ ಪ್ರಶ್ನೆ ಎದ್ದಿತು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಆ ವಯಸ್ಸಿನಲ್ಲಿ ಚುರುಕಾಗುವುದರ ಜೊತೆ ಇದಕ್ಕೆ ಸಂಬಂಧ ಇರಬಹುದೇ ಎಂದು ಸಂಶೋಧಕರು ಚರ್ಚಿಸಿದರು. ಪ್ರಶ್ನೆ ಏಳಬೇಕಾದರೆ ಮೊದಲು ಉಬ್ಬು ಕಾಣಬೇಕಿತ್ತು ಎಂಬುದನ್ನು ಗಮನಿಸಿ.

ಕರ್ನಲ್ ವಿಧಾನ ಕೇಳಲು ದೊಡ್ಡದು, ಮಾಡುವ ಕೆಲಸ ಮನೆಮಾತಿನಷ್ಟು ಸರಳ. ಒಂದು ಉದಾಹರಣೆ ಊಹಿಸಿಕೊಳ್ಳೋಣ. ಒಂದು ಮಗುವಿನ ಎತ್ತರ ಆರು ವರ್ಷಕ್ಕೆ 115.0, ಆರೂವರೆಗೆ 118.1, ಏಳಕ್ಕೆ 120.6, ಏಳೂವರೆಗೆ 124.0, ಎಂಟಕ್ಕೆ 126.8 ಸೆಂಟಿಮೀಟರು. ಆರೂವರೆಯಿಂದ ಏಳಕ್ಕೆ ಬೆಳೆದದ್ದು 2.5, ಏಳರಿಂದ ಏಳೂವರೆಗೆ 3.4. ವರ್ಷದ ಲೆಕ್ಕದಲ್ಲಿ ವೇಗ 5.0 ಇದ್ದದ್ದು ಒಮ್ಮೆಲೇ 6.8ಕ್ಕೆ ಏರಿತೇ? ಅಥವಾ ಏಳನೆಯ ವರ್ಷದ ದಿನ ಮಗು ತುಸು ಕುಗ್ಗಿ ನಿಂತಿತ್ತೇ? ಕರ್ನಲ್ ವಿಧಾನ ಆ ಒಂದು ಅಳತೆಯನ್ನು ಒಂಟಿಯಾಗಿ ನಂಬುವುದಿಲ್ಲ, ನೆರೆಹೊರೆಯನ್ನು ಕೇಳುತ್ತದೆ. ಏಳನೆಯ ವರ್ಷದ ಮೇಲೆ ಒಂದು ಕಿಟಕಿ ಇಟ್ಟು, ನಡುವಿನ ಅಳತೆಗೆ ಮೂರು ಪಾಲು ಮನ್ನಣೆ, ಅಕ್ಕಪಕ್ಕದ ಎರಡಕ್ಕೆ ಎರಡೆರಡು ಪಾಲು, ತುದಿಯ ಎರಡಕ್ಕೆ ಒಂದೊಂದು ಪಾಲು ಕೊಟ್ಟು ಸರಾಸರಿ ತೆಗೆದರೆ 120.9 ಬರುತ್ತದೆ. ಹತ್ತಿರದವರ ಮಾತಿಗೆ ಹೆಚ್ಚು ಬೆಲೆ, ದೂರದವರ ಮಾತಿಗೆ ಕಡಿಮೆ. ಆಮೇಲೆ ಕಿಟಕಿಯನ್ನು ಒಂಚೂರು ಮುಂದಕ್ಕೆ ಸರಿಸಿ ಮತ್ತೆ ಅದೇ ಲೆಕ್ಕ. ಹೀಗೆ ಹುಟ್ಟಿನಿಂದ ಯೌವನದವರೆಗೆ ಕಿಟಕಿ ಸರಿಸುತ್ತ ಹೋದರೆ ಗೆರೆ ತಾನಾಗಿ ಮೂಡುತ್ತದೆ. ಆ ಗೆರೆ ಎಲ್ಲಿ ಏರಬೇಕು, ಎಲ್ಲಿ ಬಾಗಬೇಕು ಎಂದು ಯಾರೂ ಮೊದಲೇ ಹೇಳಿರುವುದಿಲ್ಲ. ವೇಗ ತೆಗೆಯುವಾಗ ಪಾಲುಗಳ ಲೆಕ್ಕ ಬೇರೆ ಇರುತ್ತದೆ, ಆದರೆ ನೆರೆಹೊರೆಯನ್ನು ಕೇಳುವ ನ್ಯಾಯ ಅದೇ.

ಈ ವಿಧಾನದ ಹಿಂದೆ ನಮ್ಮ ದೇಶದ ಮಣ್ಣೂ ಇದೆ ಎಂಬುದನ್ನು ಹೇಳದೆ ಇರಲಾರೆ. ಇಂಥ ಸರಿಯುವ ಸರಾಸರಿಯನ್ನು 1964ರಲ್ಲಿ ಇಬ್ಬರು ಬೇರೆ ಬೇರೆಯಾಗಿ ಪ್ರಕಟಿಸಿದರು. ಒಬ್ಬರು ಸೋವಿಯತ್ ಜಾರ್ಜಿಯಾದ ನದರಾಯ, ಇನ್ನೊಬ್ಬರು ಆಸ್ಟ್ರೇಲಿಯಾ ಮೂಲದ ಜೆಫ್ರಿ ವಾಟ್ಸನ್. ವಾಟ್ಸನ್ ಅವರ ಪ್ರಬಂಧ ಅಚ್ಚಾದದ್ದು ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ 1933ರಲ್ಲಿ ಕಲ್ಕತ್ತೆಯಲ್ಲಿ ಶುರು ಮಾಡಿದ ‘ಸಂಖ್ಯಾ’ ಎಂಬ ಪತ್ರಿಕೆಯಲ್ಲಿ. ಅದಕ್ಕೂ ಮೊದಲು, 1958ರಲ್ಲಿ, ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಬೆಳವಣಿಗೆಯ ಗೆರೆಗಳನ್ನು ಹೋಲಿಸುವ ಬಗ್ಗೆ ಒಂದು ಪ್ರಬಂಧ ಬರೆದಿದ್ದರು. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿ, 2023ರಲ್ಲಿ ನೂರಾ ಎರಡು ವರ್ಷ ತುಂಬಿಸಿ ಅಮೆರಿಕದಲ್ಲಿ ತೀರಿಕೊಂಡ ಅದೇ ರಾವ್. ಅವರ ಉಪಾಯ ಚೆಂದದ್ದು. ಬೆಳವಣಿಗೆಗೆ ಯಾವ ಸೂತ್ರ ಸರಿ ಎಂದು ತಲೆ ಕೆಡಿಸಿಕೊಳ್ಳುವ ಬದಲು ಕಾಲದ ಅಳತೆಗೋಲನ್ನೇ ಬದಲಿಸಿದರೆ ಹೇಗೆ ಎಂದು ಅವರು ಕೇಳಿದರು. ಗುಂಪಿನ ಒಟ್ಟು ಬೆಳವಣಿಗೆಯನ್ನೇ ಗಡಿಯಾರ ಮಾಡಿಕೊಂಡು, ಆ ಗಡಿಯಾರಕ್ಕೆ ಹೋಲಿಸಿದರೆ ಪ್ರತಿಯೊಬ್ಬರದೂ ಎಷ್ಟು ಜೋರಾಗಿ ನಡೆಯುತ್ತಿದೆ ಎಂದು ಒಂದೊಂದೇ ಸಂಖ್ಯೆಯಲ್ಲಿ ಹೇಳಬಹುದು. ಗಡಿಯಾರ ಎಲ್ಲಿಂದಲೋ ತಂದದ್ದಲ್ಲ, ಅಳತೆಗಳಿಂದಲೇ ಬಂದದ್ದು. ಮುಂದೆ ಇಡೀ ಗೆರೆಯನ್ನೇ ಒಂದು ದತ್ತಾಂಶವೆಂದು ಪರಿಗಣಿಸುವ ಶಾಖೆಯೊಂದು ಬೆಳೆದಾಗ, ಅದರ ಬೇರುಗಳಲ್ಲಿ ಒಂದೆಂದು ಈ ಪ್ರಬಂಧವನ್ನು ನೆನೆಯಲಾಯಿತು.

ಇಲ್ಲಿ ಒಬ್ಬ ಎಚ್ಚರದ ಓದುಗ ತಡೆಯಬಹುದು. ಸೂತ್ರವಿಲ್ಲ, ಕಟ್ಟಿಲ್ಲ ಎಂದರೆ ಗೆರೆ ಹೇಗೆ ಬೇಕಾದರೂ ಕುಣಿಯಬಹುದಲ್ಲವೆ? ಜ್ಯೂರಿಕ್‌ನಲ್ಲಿ ಕಂಡ ಉಬ್ಬು ನಿಜವಾದ ಬೆಳವಣಿಗೆಯೋ, ಎದ್ದ ಹಿಮ್ಮಡಿಯ ತಪ್ಪೋ? ಇದು ಹಗುರವಾಗಿ ತಳ್ಳಿಹಾಕುವ ಆಕ್ಷೇಪವಲ್ಲ. ಎಲ್ಲವೂ ಕಿಟಕಿಯ ಅಗಲದ ಮೇಲೆ ನಿಂತಿದೆ. ಕಿಟಕಿ ಮೂರು ತಿಂಗಳಷ್ಟು ಕಿರಿದಾದರೆ ಒಳಗೆ ಒಂದೇ ಅಳತೆ ಬಿದ್ದು ಗರಗಸ ಹಾಗೇ ಉಳಿಯುತ್ತದೆ. ಹತ್ತು ವರ್ಷದಷ್ಟು ಅಗಲವಾದರೆ ಹದಿಹರೆಯದ ಶಿಖರವೂ ಚಪ್ಪಟೆಯಾಗಿ ಹೋಗುತ್ತದೆ. ಸೂತ್ರದ ವಿಧಾನದಲ್ಲಿ ಸಂಶೋಧಕನ ಪೂರ್ವಗ್ರಹ ಸಮೀಕರಣದಲ್ಲಿ ಅಡಗಿದ್ದರೆ, ಇಲ್ಲಿ ಅದು ಕಿಟಕಿಯ ಅಗಲದಲ್ಲಿ ಅಡಗಬಹುದು. ಆದರೆ ಒಂದು ವ್ಯತ್ಯಾಸವಿದೆ, ನನ್ನ ಮಟ್ಟಿಗೆ ಅದು ನಿರ್ಣಾಯಕ. ಕಿಟಕಿ ಎಷ್ಟಗಲ ಇರಬೇಕು ಎಂಬುದನ್ನು ಅಳತೆಗಳಿಂದಲೇ ಪರೀಕ್ಷಿಸಿ ನೋಡಬಹುದು. ಒಂದು ಮಗುವಿನ ಲೆಕ್ಕವನ್ನು ಪೂರ್ತಿ ಮುಚ್ಚಿಟ್ಟು, ಉಳಿದ ಮಕ್ಕಳಿಂದ ಗೆರೆ ಎಳೆದು, ಮುಚ್ಚಿಟ್ಟ ಮಗುವಿನ ಅಳತೆಗೆ ಅದು ಎಷ್ಟು ಹತ್ತಿರ ಬಂತು ಎಂದು ನೋಡುವುದು. ಹೀಗೆ ಪ್ರತಿ ಮಗುವಿಗೂ ಮಾಡಿ, ಒಟ್ಟು ತಪ್ಪು ಎಲ್ಲಕ್ಕಿಂತ ಕಡಿಮೆಯಾಗುವ ಅಗಲವನ್ನು ಆರಿಸುವುದು. ಒಂದು ಅಳತೆಯನ್ನಲ್ಲ, ಇಡೀ ಮಗುವನ್ನೇ ಮುಚ್ಚಿಡಬೇಕು ಎಂಬುದನ್ನು ರೈಸ್ ಮತ್ತು ಸಿಲ್ವರ್‌ಮನ್ 1991ರಲ್ಲಿ ಪ್ರತಿಪಾದಿಸಿದರು. ಕಾರಣ ಮೊದಲೇ ಹೇಳಿದೆ: ಒಂದೇ ಮಗುವಿನ ಅಳತೆಗಳು ಒಡಹುಟ್ಟಿದವು, ಒಂದನ್ನು ಮುಚ್ಚಿಟ್ಟರೆ ಅದರ ಗುಟ್ಟನ್ನು ಪಕ್ಕದ್ದು ಹೇಳಿಬಿಡುತ್ತದೆ. ಇದಕ್ಕೂ ಮುಂಚೆ 1986ರಲ್ಲಿ ಹಾರ್ಟ್ ಮತ್ತು ವೆರ್ಲಿ ಇನ್ನೊಂದು ಕಟುಸತ್ಯವನ್ನು ತೋರಿಸಿದ್ದರು. ಹತ್ತು ಮಕ್ಕಳನ್ನು ದಿನಕ್ಕೊಮ್ಮೆಯಂತೆ ಸಾವಿರ ಸಲ ಅಳೆದರೂ ಅವು ಹತ್ತೇ ಮಕ್ಕಳು. ಸಮುದಾಯದ ಸರಾಸರಿ ಗೆರೆ ನಿಖರವಾಗಬೇಕಾದರೆ ಮಕ್ಕಳ ಸಂಖ್ಯೆ ಹೆಚ್ಚಬೇಕು, ಬರೀ ಅಳತೆಗಳ ಸಂಖ್ಯೆ ಹೆಚ್ಚಿದರೆ ಸಾಲದು. ಜ್ಯೂರಿಕ್‌ನ ಉಬ್ಬನ್ನು ನಂಬಲು ಕಾರಣವೂ ಇದೇ ಜಾತಿಯದು. ಅದು ಒಂದು ಮಗುವಿನ ಗೆರೆಯಲ್ಲಿ ಅಲ್ಲ, ಒಂದಾದ ಮೇಲೊಂದು ಮಗುವಿನಲ್ಲಿ, ಬಹುತೇಕ ಅದೇ ವಯಸ್ಸಿನಲ್ಲಿ ಕಂಡಿತು. ಅಳತೆಯ ತಪ್ಪಿಗೆ ವಯಸ್ಸು ಗೊತ್ತಿರುವುದಿಲ್ಲ.

ಸರಾಸರಿಯ ಬಗ್ಗೆ ಇನ್ನೊಂದು ಮಾತು ಇಲ್ಲೇ ಹೇಳಬೇಕು, ಏಕೆಂದರೆ ನುಣುಪು ಮಾಡುವುದಕ್ಕಿಂತ ದೊಡ್ಡ ಮೋಸ ಅಲ್ಲಿ ಆಗುತ್ತದೆ. ಮೂವರು ಹುಡುಗರು ಇದ್ದಾರೆ ಎನ್ನಿ. ಮೂವರೂ ತಮ್ಮ ಜಿಗಿತದ ವರ್ಷದಲ್ಲಿ ಹತ್ತು ಸೆಂಟಿಮೀಟರು, ಉಳಿದ ವರ್ಷಗಳಲ್ಲಿ ಐದು ಸೆಂಟಿಮೀಟರು ಬೆಳೆಯುತ್ತಾರೆ. ಒಬ್ಬನ ಜಿಗಿತ ಹನ್ನೆರಡಕ್ಕೆ, ಇನ್ನೊಬ್ಬನದು ಹದಿಮೂರಕ್ಕೆ, ಮತ್ತೊಬ್ಬನದು ಹದಿನಾಲ್ಕಕ್ಕೆ. ಪ್ರತಿ ವಯಸ್ಸಿಗೂ ಸರಾಸರಿ ತೆಗೆದರೆ ಮೂರೂ ವರ್ಷ 6.7 ಸೆಂಟಿಮೀಟರು ಬರುತ್ತದೆ. ಶಿಖರವೇ ಇಲ್ಲದ, ಮೂರು ವರ್ಷ ಚಪ್ಪಟೆಯಾಗಿ ಹರಡಿದ ಒಂದು ದಿಬ್ಬ. ಈ ಮೂವರಲ್ಲಿ ಒಬ್ಬನೂ ಯಾವ ವರ್ಷವೂ 6.7 ಸೆಂಟಿಮೀಟರು ಬೆಳೆದಿಲ್ಲ! ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಮಕ್ಕಳು ಬೆಳೆಯುವ ಲಯ ಒಬ್ಬೊಬ್ಬರದು ಒಂದೊಂದು ಎಂಬುದರತ್ತ ಗಮನ ಸೆಳೆದಿದ್ದರು. ಇವತ್ತಿನ ವಿಧಾನದಲ್ಲಿ ಮೊದಲು ಪ್ರತಿ ಮಗುವಿನ ಗೆರೆಯನ್ನು ಕರ್ನಲ್ ಅಥವಾ ಅಂಥದೇ ಉಪಾಯದಿಂದ ಎಳೆದು, ಅದರ ಶಿಖರ ಗುರುತಿಸಿ, ಎಲ್ಲರ ಶಿಖರಗಳೂ ಒಂದೇ ಜಾಗಕ್ಕೆ ಬರುವಂತೆ ಕಾಲವನ್ನು ಹಿಗ್ಗಿಸಿ ಕುಗ್ಗಿಸಿ ಹೊಂದಿಸಿ, ಆಮೇಲಷ್ಟೇ ಸರಾಸರಿ ತೆಗೆಯುತ್ತಾರೆ. ಆಗ ಸರಾಸರಿಯ ಹುಡುಗನೂ ಹುಡುಗರಂತೆಯೇ ಜಿಗಿಯುತ್ತಾನೆ. ತಡವಾಗಿ ಬೆಳೆಯುವ ಮಗುವನ್ನು ಚಪ್ಪಟೆ ಸರಾಸರಿಗೆ ಹೋಲಿಸಿ ಗಾಬರಿಗೊಳ್ಳುವ ತಂದೆತಾಯಿಗಳಿಗೆ ಈ ಮಾತು ಗೊತ್ತಿರಬೇಕು.

ಈಗ ತಾಯಿ ಕಾರ್ಡಿಗೆ ಬರೋಣ. ನಮ್ಮ ಅಂಗನವಾಡಿಗಳಲ್ಲಿ, ಆಸ್ಪತ್ರೆಗಳಲ್ಲಿ ಆ ಕಾರ್ಡಿನ ಮೇಲೆ ಮಗುವಿನ ತೂಕವನ್ನು ಗುರುತು ಹಾಕುವ ಹಸಿರು ಪಟ್ಟಿಯ ಗ್ರಾಫು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಮಾನದಂಡದಿಂದ ಬಂದದ್ದು. ಅದಕ್ಕಾಗಿ 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ, ಈ ಆರು ದೇಶಗಳ ಸುಮಾರು 8,500 ಮಕ್ಕಳನ್ನು ಅಳೆದರು. ಭಾರತದ ಮಕ್ಕಳು ದೆಹಲಿಯವರು. ಎದೆಹಾಲು ಕುಡಿದ, ತಾಯಿ ಧೂಮಪಾನ ಮಾಡದ, ಆರೋಗ್ಯಕ್ಕೆ ಕೊರತೆಯಿಲ್ಲದ ಮನೆಗಳ ಮಕ್ಕಳನ್ನು ಆರಿಸಿದ್ದರು. ಮೊದಲ ಎರಡು ವರ್ಷ ಅದೇ ಮಕ್ಕಳನ್ನು ಮತ್ತೆ ಮತ್ತೆ ಅಳೆದರು, ಆಮೇಲಿನ ವಯಸ್ಸಿಗೆ ಬೇರೆ ಮಕ್ಕಳನ್ನು ಒಂದೊಂದು ಸಲ ಅಳೆದರು. ಫಲಿತಾಂಶ ಬೆರಗು ಹುಟ್ಟಿಸುವಂಥದ್ದು: ಮಕ್ಕಳ ಉದ್ದದಲ್ಲಿ ಕಂಡ ಒಟ್ಟು ವ್ಯತ್ಯಾಸದಲ್ಲಿ ದೇಶ ದೇಶಗಳ ನಡುವಿನದು ಸುಮಾರು ನೂರಕ್ಕೆ ಮೂರರಷ್ಟು ಮಾತ್ರ, ದೊಡ್ಡ ಪಾಲು ಮಗುವಿನಿಂದ ಮಗುವಿಗೆ ಇರುವ ವ್ಯತ್ಯಾಸ. ಸರಿಯಾದ ಪೋಷಣೆ ಸಿಕ್ಕರೆ ದೆಹಲಿಯ ಕೂಸೂ ಓಸ್ಲೋದ ಕೂಸೂ ಒಂದೇ ದಾರಿಯಲ್ಲಿ ಬೆಳೆಯುತ್ತವೆ. ಆ ಗ್ರಾಫಿನ ಗೆರೆಗಳನ್ನು ಎಳೆಯುವ ಮೊದಲು ಸುಮಾರು ಮೂವತ್ತು ವಿಧಾನಗಳನ್ನು ಪರಿಶೀಲಿಸಿ, ಕೊನೆಗೆ ಸ್ಪ್ಲೈನ್‌ಗಳಿಂದ ನುಣುಪು ಮಾಡುವ ವಿಧಾನವೊಂದನ್ನು ಆರಿಸಿಕೊಂಡರು. ಸ್ಪ್ಲೈನ್ ಎಂದರೆ ಹಡಗು ಕಟ್ಟುವವರ ಬಳಿ ಇದ್ದ ತೆಳ್ಳನೆಯ ಬಾಗುವ ಪಟ್ಟಿ. ಅಲ್ಲಲ್ಲಿ ಒತ್ತಿ ಹಿಡಿದರೆ ನಡುವೆ ತಾನೇ ಸಹಜವಾಗಿ ಬಾಗಿ ನಿಲ್ಲುತ್ತದೆ. ಗಣಿತದ ಸ್ಪ್ಲೈನ್ ಅಳತೆಗಳ ನಡುವೆ ಹಾಗೆಯೇ ಬಾಗುತ್ತದೆ. ಈ ವಿಧಾನ ಪೂರ್ತಿ ಸೂತ್ರಮುಕ್ತವಲ್ಲ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಒಂದು ವಯಸ್ಸಿನಲ್ಲಿ ತೂಕಗಳು ಹೇಗೆ ಹರಡಿರುತ್ತವೆ ಎಂಬುದಕ್ಕೆ ಅಲ್ಲಿ ಸೂತ್ರವಿದೆ. ವಯಸ್ಸಿನಿಂದ ವಯಸ್ಸಿಗೆ ಆ ಹರಡುವಿಕೆ ಹೇಗೆ ಸಾಗುತ್ತದೆ ಎಂಬುದನ್ನು ಮಾತ್ರ ಸ್ಪ್ಲೈನಿಗೆ ಬಿಟ್ಟಿದ್ದಾರೆ. ಮೊದಲ ಕೆಲವು ತಿಂಗಳಲ್ಲಿ ದಡದಡನೆ ಏರಿ ಆಮೇಲೆ ಮೆಲ್ಲಗೆ ಬಾಗುವ ಆ ಹಸಿರು ಪಟ್ಟಿಯ ಆಕಾರ ಯಾರೋ ಮೊದಲೇ ಬರೆದ ಸಮೀಕರಣದ್ದಲ್ಲ, ಆ ಮಕ್ಕಳದೇ.

ನಾನ್‌ಪ್ಯಾರಮೆಟ್ರಿಕ್ ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆ, ಅದು ಆಕಾರದ್ದಲ್ಲ, ಅಳತೆಯ ಸ್ವಭಾವದ್ದು. ಎತ್ತರಕ್ಕೆ ಸೆಂಟಿಮೀಟರು ಇದೆ, ನೋವಿಗೆ ಏನಿದೆ? ಹೊಟ್ಟೆಗೆ ಅನಿಲ ತುಂಬಿ ಲ್ಯಾಪರೋಸ್ಕೋಪಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಭುಜದ ತುದಿಯಲ್ಲಿ ನೋವು ಬರುವುದುಂಟು. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಒಳಗುಳಿದ ಅನಿಲವನ್ನು ಹೀರಿ ತೆಗೆದರೆ ನೋವು ಕಡಿಮೆಯಾಗುವುದೇ ಎಂದು ನೋಡಿದ ಪ್ರಯೋಗವೊಂದು ಈ ಶಾಖೆಯ ಪುಸ್ತಕಗಳಲ್ಲಿ ಹೆಸರಾಗಿದೆ. 41 ರೋಗಿಗಳಲ್ಲಿ 22 ಮಂದಿಗೆ ಅನಿಲ ಹೀರಿದರು, 19 ಮಂದಿಗೆ ಇಲ್ಲ. ಮೂರು ದಿನ, ಬೆಳಗ್ಗೆ ಮತ್ತು ಸಂಜೆ, ಒಂದರಿಂದ ಐದರವರೆಗಿನ ಅಂಕದಲ್ಲಿ ನೋವು ಹೇಳಿಸಿದರು. ನಾಲ್ಕು ಎಂದವರ ನೋವು ಎರಡು ಎಂದವರ ನೋವಿನ ಎರಡು ಪಟ್ಟು ಎನ್ನಲಾಗದು. ಹೆಚ್ಚು ಎಂದಷ್ಟೇ ಹೇಳಬಹುದು. ಹಾಗಿದ್ದ ಮೇಲೆ ಇವುಗಳ ಸರಾಸರಿ ತೆಗೆಯುವುದಕ್ಕೆ ಅರ್ಥವಿಲ್ಲ. ಅದಕ್ಕೆ ಎಲ್ಲ ಅಂಕಗಳನ್ನೂ ಸಾಲಿನಲ್ಲಿ ನಿಲ್ಲಿಸಿ, ಯಾರು ಎಷ್ಟನೆಯವರು ಎಂಬ ಸ್ಥಾನವನ್ನು ಮಾತ್ರ ಎಣಿಸುತ್ತಾರೆ. 1937ರಲ್ಲಿ ಇಂಥ ಸ್ಥಾನಗಳ ಪರೀಕ್ಷೆಯೊಂದನ್ನು ಕೊಟ್ಟವರು ಮುಂದೆ ಅರ್ಥಶಾಸ್ತ್ರದಲ್ಲಿ ನೊಬೆಲ್ ಪಡೆದ ಮಿಲ್ಟನ್ ಫ್ರೀಡ್‌ಮನ್. ಈಚಿನ ವಿಧಾನಗಳು ಉತ್ತರವನ್ನು ಜನಸಾಮಾನ್ಯರ ಮಾತಿನಲ್ಲೇ ಕೊಡುತ್ತವೆ: ಅನಿಲ ಹೀರಿಸಿಕೊಂಡ ಒಬ್ಬರನ್ನೂ ಹೀರಿಸಿಕೊಳ್ಳದ ಒಬ್ಬರನ್ನೂ ಚೀಟಿ ಎತ್ತಿ ಆರಿಸಿದರೆ, ಎರಡನೆಯ ದಿನ ಸಂಜೆ ಮೊದಲನೆಯವರ ನೋವು ಕಡಿಮೆ ಇರುವ ಸಂಭವ ಎಷ್ಟು? ರೋಗಿ ಕೇಳುವ ಪ್ರಶ್ನೆಯೂ ಅದೇ ತಾನೆ.

ಹಾಗಾದರೆ ಸೂತ್ರಗಳನ್ನೆಲ್ಲ ಬಿಸಾಡಬೇಕೆ ಎಂದು ಕೇಳುವವರಿದ್ದಾರೆ. ಅವರ ಪಕ್ಷದಲ್ಲಿ ಬಲವಿದೆ. ಅನೇಕ ಔಷಧಿಗಳು ರಕ್ತದಿಂದ ಖಾಲಿಯಾಗುವುದು ಗೊತ್ತಿರುವ ನಿಯಮದಂತೆ, ಇಷ್ಟು ಗಂಟೆಗೆ ಅರ್ಧ, ಮತ್ತಷ್ಟೇ ಗಂಟೆಗೆ ಉಳಿದುದರ ಅರ್ಧ. ಅಲ್ಲಿ ಸೂತ್ರ ಊಹೆಯಲ್ಲ, ದೇಹದ ನಡವಳಿಕೆಯೇ. ಅಂಥ ಕಡೆ ಸೂತ್ರ ಬಿಟ್ಟು ಕಿಟಕಿ ಸರಿಸುತ್ತ ಕೂರುವುದು ಕೈಯಲ್ಲಿರುವ ಜ್ಞಾನವನ್ನು ಚೆಲ್ಲಿದಂತೆ. ಸೂತ್ರಕ್ಕೆ ಕಡಿಮೆ ಅಳತೆ ಸಾಕು. ಕಿಟಕಿಗೆ ಹೆಚ್ಚು ಬೇಕು. ಅಳತೆಗಳು ಮುಗಿದ ಕಡೆ, ಅಂದರೆ ಗೆರೆಯ ಎರಡು ತುದಿಗಳಲ್ಲಿ, ಕಿಟಕಿಯ ಒಂದು ಪಕ್ಕ ಖಾಲಿಯಾಗಿ ಅಂದಾಜು ಹದಗೆಡುತ್ತದೆ. ನಾಳೆ ಏನಾಗುತ್ತದೆ ಎಂದು ಅದು ಹೇಳಲಾರದು. ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ. ನಿಯಮ ಗೊತ್ತಿರುವ ಕಡೆ ಸೂತ್ರ ಬಳಸುವುದು ಒಂದು, ನಿಯಮ ಗೊತ್ತಿಲ್ಲದ ಕಡೆ ಲೆಕ್ಕಕ್ಕೆ ಸುಲಭ ಎಂಬ ಕಾರಣಕ್ಕೆ ಸೂತ್ರ ಹೇರುವುದು ಇನ್ನೊಂದು. ಸೂತ್ರ ತಪ್ಪಾಗಿದ್ದರೆ ಎಷ್ಟು ಸಾವಿರ ಮಕ್ಕಳನ್ನು ಅಳೆದರೂ ತಪ್ಪು ಕರಗುವುದಿಲ್ಲ, ಇನ್ನಷ್ಟು ನಿಖರವಾದ ತಪ್ಪಾಗುತ್ತದೆ ಅಷ್ಟೆ. ಕಿಟಕಿಯ ವಿಧಾನದ ತಪ್ಪು ಜನ ಹೆಚ್ಚಿದಂತೆ ಕಡಿಮೆಯಾಗುತ್ತ ಹೋಗುತ್ತದೆ. ಇನ್ನು ಅಳತೆ ಕಡಿಮೆ ಎಂಬ ದೂರು. ಅದಕ್ಕೂ ದಾರಿ ಮಾಡಿಕೊಂಡಿದ್ದಾರೆ. ಪ್ರತಿಯೊಬ್ಬರಿಂದ ಎರಡೋ ಮೂರೋ ಅಳತೆ ಮಾತ್ರ, ಅದೂ ಬೇರೆ ಬೇರೆ ದಿನಗಳಲ್ಲಿ ಸಿಕ್ಕಿದ್ದರೂ, ಎಲ್ಲರ ಅಳತೆಗಳನ್ನೂ ಒಟ್ಟಿಗೆ ಇಟ್ಟು ಗುಂಪಿನ ಆಕಾರ ತಿಳಿದು, ಆ ಬಲದಿಂದ ಒಬ್ಬೊಬ್ಬರ ಗೆರೆ ಅಂದಾಜು ಮಾಡುವ ವಿಧಾನವನ್ನು ಯಾವೊ, ಮ್ಯೂಲರ್, ವ್ಯಾಂಗ್ 2005ರಲ್ಲಿ ಕೊಟ್ಟರು. ಈ ಮ್ಯೂಲರ್ ಅವರೇ ಜ್ಯೂರಿಕ್ ಮಕ್ಕಳ ಗೆರೆ ಎಳೆದವರಲ್ಲಿ ಒಬ್ಬರು.

ಎರಡು ದಾರಿಗಳೂ ಒಂದಾಗಿ ನಡೆದ ಉದಾಹರಣೆ ಏಡ್ಸ್ ರೋಗದ್ದು. ಅಮೆರಿಕದ ಬಾಲ್ಟಿಮೋರ್, ಷಿಕಾಗೊ, ಪಿಟ್ಸ್‌ಬರ್ಗ್, ಲಾಸ್ ಏಂಜಲೀಸ್ ನಗರಗಳಲ್ಲಿ 1984ರಿಂದ ಸಾವಿರಾರು ಗಂಡಸರನ್ನು ಹಿಂಬಾಲಿಸಿ, ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡುವ ಅಧ್ಯಯನ ಶುರುವಾಯಿತು. ಎಚ್‌ಐವಿ ವೈರಸ್ ಕೊಲ್ಲುವುದು ಸಿಡಿ4 ಎಂಬ ರೋಗನಿರೋಧಕ ಕಣಗಳನ್ನು. ಅಧ್ಯಯನ ನಡೆಯುತ್ತಿರುವಾಗಲೇ ಸೋಂಕು ತಗುಲಿದ 369 ಮಂದಿಯ 2,376 ಅಳತೆಗಳನ್ನು ಝೆಗರ್ ಮತ್ತು ಡಿಗಲ್ 1994ರಲ್ಲಿ ವಿಶ್ಲೇಷಿಸಿದರು. ವಯಸ್ಸು, ಧೂಮಪಾನ ಮುಂತಾದವುಗಳ ಪ್ರಭಾವಕ್ಕೆ ಸರಳ ಸೂತ್ರ. ಸೋಂಕು ಪತ್ತೆಯಾದ ಕಾಲದಿಂದ ಹಿಂದಕ್ಕೂ ಮುಂದಕ್ಕೂ ಕಣಗಳ ಸಂಖ್ಯೆ ಸಾಗಿದ ದಾರಿಗೆ ಸೂತ್ರವಿಲ್ಲದ ಗೆರೆ. ಆ ಗೆರೆ ಮೊದಲು ಸಾವಿರದ ಆಸುಪಾಸಿನಲ್ಲಿ ಸಮನಾಗಿ ನಡೆದು, ಸೋಂಕಿನ ಹೊತ್ತಿಗೆ ಕಡಿದಾಗಿ ಬಿದ್ದು, ಆಮೇಲೆ ನಿಧಾನವಾಗಿ ಇಳಿಯಿತು. ಒಂದೇ ನೇರ ಗೆರೆಯನ್ನು ಹೊಂದಿಸಿದ್ದರೆ ಆ ಕಡಿದಾದ ಬೀಳು ಇಳಿಜಾರಿನಲ್ಲಿ ಕರಗಿ ಹೋಗುತ್ತಿತ್ತು. ಆದರೆ ಅದೇ ಗೆರೆಯ ಕೊನೆಯ ಭಾಗವನ್ನು ಓದುವಾಗ ತಜ್ಞರು ಎಚ್ಚರಿಕೆ ಹೇಳುತ್ತಾರೆ. ಕೆಲವು ವರ್ಷಗಳ ನಂತರ ಇಳಿತ ನಿಧಾನವಾದದ್ದು ದೇಹ ತಡೆದುಕೊಂಡದ್ದರಿಂದಲೋ, ಅಥವಾ ತೀರ ಕುಸಿದವರು ಸತ್ತೋ ಕಾಯಿಲೆ ಬಿದ್ದೋ ಪರೀಕ್ಷೆಗೆ ಬರದೆ ಹೋದದ್ದರಿಂದಲೋ? ಉಳಿದವರನ್ನಷ್ಟೇ ಅಳೆದರೆ ಉಳಿದವರ ಆರೋಗ್ಯವೇ ಎಲ್ಲರ ಆರೋಗ್ಯ ಎಂದು ಕಾಣುತ್ತದೆ. ಈ ತಪ್ಪನ್ನು ಸೂತ್ರವೂ ತಿದ್ದಲಾರದು, ಕಿಟಕಿಯೂ ತಿದ್ದಲಾರದು. ಅಳತೆಗಳ ಬಾಯಿಂದಲೇ ಕೇಳುತ್ತೇವೆ ಎನ್ನುವ ವಿಧಾನಕ್ಕೆ ಬರದೇ ಹೋದ ಅಳತೆಯ ಮಾತು ಕೇಳಿಸುವುದಿಲ್ಲ. ಯಾರು ಬಿಟ್ಟುಹೋದರು, ಬಿಡುವ ಮೊದಲು ಅವರ ಅಳತೆ ಹೇಗಿತ್ತು ಎಂಬುದರಿಂದ ಸ್ವಲ್ಪ ಸರಿಪಡಿಸಬಹುದು, ಅದೂ ಬಿಟ್ಟುಹೋದವರ ಲೆಕ್ಕ ಇಟ್ಟಿದ್ದರೆ ಮಾತ್ರ.

ಕರ್ನಾಟಕಕ್ಕೆ ಈ ಮಾತು ದೂರದ್ದಲ್ಲ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾದಾಗ ನಮ್ಮ ರಾಜ್ಯದಲ್ಲಿ ಅದು ಕಾಲಿಟ್ಟದ್ದು ತಿ. ನರಸೀಪುರದಲ್ಲಿ. ಮೈಸೂರಿನಲ್ಲಿ 1997–98ರಲ್ಲಿ ಗರ್ಭಿಣಿಯರಿಂದ ಮೊದಲುಗೊಂಡು ಅವರ ಮಕ್ಕಳನ್ನು ದೊಡ್ಡವರಾಗುವವರೆಗೆ ಹಿಂಬಾಲಿಸಿದ ಅಧ್ಯಯನವೂ ನಡೆದಿದೆ. ಅಂಗನವಾಡಿ ಕಾರ್ಯಕರ್ತೆ ತಿಂಗಳಿಗೊಮ್ಮೆ ತೂಕದ ತಕ್ಕಡಿಯಲ್ಲಿ ಮಗುವನ್ನು ಕೂರಿಸಿ ಬರೆಯುವ ಸಂಖ್ಯೆ ಮೊಂಬೆಯಾರ್ ಬರೆದಿಟ್ಟ ಸಂಖ್ಯೆಯ ಜಾತಿಯದೇ. ಒಂದು ತಿಂಗಳ ತೂಕದಿಂದ ಗಾಬರಿಯಾಗಬೇಕಿಲ್ಲ, ಸಮಾಧಾನಪಡಬೇಕಾಗಿಯೂ ಇಲ್ಲ. ಅದು ಒಂದು ಚುಕ್ಕೆ. ಹಿಂದಿನ ಮೂರು, ಮುಂದಿನ ಮೂರು ಚುಕ್ಕೆಗಳ ಜೊತೆ ನೋಡಿದಾಗ ಅದು ಮಾತಾಡುತ್ತದೆ. ಕೆಲಸ ಹುಡುಕಿಕೊಂಡು ಊರು ಬಿಡುವ ಕುಟುಂಬದ ಮಗುವಿನ ಕಾರ್ಡಿನಲ್ಲಿ ಚುಕ್ಕೆಗಳ ನಡುವೆ ಖಾಲಿ ತಿಂಗಳುಗಳು ಬೀಳುತ್ತವೆ. ಅಂಥ ಮನೆಗಳಲ್ಲಿ ಅನ್ನದ ಕೊರತೆಯೂ ಹೆಚ್ಚು. ಅಂದರೆ ಜಿಲ್ಲೆಯ ಸರಾಸರಿ ಗೆರೆಯಿಂದ ಮೊದಲು ಬಿಟ್ಟುಹೋಗುವುದು ಎಲ್ಲಕ್ಕಿಂತ ಮೊದಲು ನೋಡಬೇಕಾದ ಮಗುವೇ. ಆದ್ದರಿಂದ ಕೇಳಿಕೊಳ್ಳುವುದು ಇಷ್ಟು. ತಾಯಂದಿರೇ, ಊರು ಬಿಡುವಾಗ ಕಾರ್ಡನ್ನು ಜೊತೆಗೆ ಒಯ್ಯಿರಿ, ಹೋದ ಊರಿನಲ್ಲೂ ತೂಕ ಹಾಕಿಸಿ, ತೂಕದ ಪಕ್ಕದಲ್ಲಿ ತಾರೀಕು ಬರೆಸಿ. ಕಾರ್ಯಕರ್ತೆಯರೇ, ಮಗು ಬಾರದ ತಿಂಗಳನ್ನು ಅಂದಾಜಿನ ಸಂಖ್ಯೆಯಿಂದ ತುಂಬಬೇಡಿ; ಬಂದಿಲ್ಲ ಎಂದೇ ಬರೆಯಿರಿ, ಏಕೆ ಬಂದಿಲ್ಲ ಎಂಬುದನ್ನೂ ಬರೆಯಿರಿ.